ಜ್ವರ ಇಳಿಸಬಾರದ ಮಗು

ಮಾರ್ಚ್ ೯, ಭಾನುವಾರ
ಮಕ್ಕಳ ಆಸ್ಪತ್ರೆಯ ಎದುರಿನ ಬಾಡಿಗೆ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಮೊಮ್ಮಗಳು ಹುಟ್ಟಿ ಎರಡು ವಾರವಾಗುತ್ತಾ ಬಂತು, ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೊ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳಿದ್ದು ಸುಳ್ಳು. ಮಗು ಉಳಿಯುತ್ತದೋ ಇಲ್ಲವೋ ನಿನ್ನೆಯವರೆಗೂ ಗೊತ್ತಿರಲಿಲ್ಲ. ಈಗ ಉಳಿಯಿತು. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಹುಟ್ಟಿದಾಗ ಗುಂಡುಗುಂಡಗೆ ಇದ್ದಳು. ಸಂಜೆಯ ಹೊತ್ತಿಗೆ ತುಟಿ ನೀಲಿಗಟ್ಟಿತು. ಇಲ್ಲಿಯ ಹೃದಯದ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸು, ನಮ್ಮನ್ನು ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯಲ್ಲಿರುವಾಗ ಪ್ರತಿ ಮಗುವಿಗೂ ಹೃದಯದ ಪಕ್ಕ ಒಂದು ಸಣ್ಣ ರಕ್ತನಾಳ ಇರುತ್ತದಂತೆ, ಹಿತ್ತಿಲ ಬಾಗಿಲಿನ ಹಾಗೆ. ಹುಟ್ಟಿದ ಎರಡು ಮೂರು ದಿನಕ್ಕೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಮಗುವಿಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ಮುಂಬಾಗಿಲೇ ತೆರೆದಿಲ್ಲ, ಆ ಹಿತ್ತಿಲ ಬಾಗಿಲಿನಿಂದಲೇ ಜೀವ.

"ಅದೂ ಮುಚ್ಚಿಕೊಂಡ್ರೆ?" ಎಂದು ಅಳಿಯ ಕೇಳಿದ.

"ಮುಚ್ಚೋಕೆ ಬಿಡಲ್ಲ" ಎಂದರು ಡಾಕ್ಟರಮ್ಮ.

ಮುಚ್ಚದಂತೆ ತಡೆಯುವುದಕ್ಕೆ ಒಂದು ಡ್ರಿಪ್ ಹಾಕಿದರು. ಔಷಧಿಯ ಹೆಸರು ಪ್ರೊಸ್ಟಾಗ್ಲಾಂಡಿನ್. ನಮ್ಮವರಿಗೆ ಇನ್ನೂ ನಾಲಿಗೆ ಹೊರಳಿಲ್ಲ, "ಆ ಉದ್ದ ಹೆಸರಿನ ಮಹರಾಯ" ಅನ್ನುತ್ತಾರೆ. ನನಗೆ ಮಾತ್ರ ಹೆಸರು ಕೇಳಿ ತಲೆ ಗಿರ್ರೆಂದಿತು. ಮಾತ್ರೆ ಕಾರ್ಖಾನೆಯಲ್ಲಿ ಇಷ್ಟು ವರ್ಷ ನೋವಿನ ಮಾತ್ರೆಗಳನ್ನು ತೂಗಿ, ಕರಗಿಸಿ, ಪರೀಕ್ಷೆ ಮಾಡಿದವಳಲ್ಲವೇ ನಾನು? ಸೇರಿದ ಹೊಸದರಲ್ಲಿ ಗೋಡೆಗೆ ಚಿತ್ರ ಅಂಟಿಸಿ ಪಾಠ ಮಾಡಿದ್ದರು. ಮೈಗೆ ಪೆಟ್ಟಾದರೆ ಅಲ್ಲಿಯ ಜೀವಕೋಶಗಳು ತಮ್ಮೊಳಗಿನ ಕೊಬ್ಬಿನ ಅಂಶದಿಂದಲೇ ಈ ಪ್ರೊಸ್ಟಾಗ್ಲಾಂಡಿನ್ ತಯಾರಿಸಿಕೊಂಡು ಡಂಗುರ ಹೊಡೆಯುತ್ತವೆ. ಅದರಿಂದ ಬಾವು, ನೋವು, ಜ್ವರ. ನಮ್ಮ ಮಾತ್ರೆ ಆ ತಯಾರಿಯನ್ನೇ ನಿಲ್ಲಿಸುತ್ತದೆ. ಅಂದಿನಿಂದ ನನ್ನ ಪಾಲಿಗೆ ಅದು ಶತ್ರು. ನಿನ್ನ ಮಂಡಿಯಲ್ಲಿ ಕೂತು ಕಿತಾಪತಿ ಮಾಡುವುದೂ ಅದೇ. ಮಾತ್ರೆ ಕಳಿಸಿದರೆ ನೀನು ನುಂಗುವುದು ಬಿಟ್ಟು ಡಬ್ಬಿಯಲ್ಲಿ ಕೂಡಿಡುತ್ತೀಯ.

ಡ್ರಿಪ್ ಶುರುವಾದ ಮಾರನೆಯ ದಿನ ಮಗುವಿಗೆ ಜ್ವರ ಬಂತು. ಕೆನ್ನೆ ಕೆಂಪು, ಹಣೆ ಮುಟ್ಟಿದರೆ ಸುಡುತ್ತಿತ್ತು. ನರ್ಸಮ್ಮ ನೋಡಿ, ಬರೆದುಕೊಂಡು, ಸುಮ್ಮನೆ ಹೋದರು. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಬ್ಯಾಗಿನಲ್ಲಿ ನಮ್ಮ ಕಾರ್ಖಾನೆಯದೇ ಮಕ್ಕಳ ಜ್ವರದ ಔಷಧಿ ಇತ್ತು. ಎಲ್ಲಿಗೆ ಹೋದರೂ ಇಟ್ಟುಕೊಂಡೇ ಹೋಗುವವಳು. ಅವರನ್ನು ಕರೆದು ಬಾಟಲಿ ತೋರಿಸಿ, "ಇದನ್ನ ಎರಡು ಹನಿ ಹಾಕೋಕೆ ನಿಮಗೇನು ಕಷ್ಟ? ಮಗು ಬೇಯ್ತಾ ಇದೆ" ಎಂದೆ.

ಅವರು ಬಾಟಲಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಅಮ್ಮಾ, ಜ್ವರ ಬಂದಿರೋದೇ ಆ ಡ್ರಿಪ್ಪಿಂದ. ಬರುತ್ತೆ ಅಂತ ಗೊತ್ತಿತ್ತು, ನೋಡ್ಕೋತಾ ಇದ್ದೀವಿ. ನೀವು ಇದನ್ನ ಹಾಕಿದ್ರೆ ಆ ರಕ್ತನಾಳ ಮುಚ್ಚಿಹೋಗಬಹುದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದನ್ನ ಮುಚ್ಚಿಸೋಕೆ ಅಂತಾನೇ ಇದೇ ಜಾತಿ ಔಷಧಿ ಕೊಡ್ತೀವಿ" ಎಂದರು.

ಗೊತ್ತಿದ್ದೂ ಹೊಳೆಯಲಿಲ್ಲ ನೋಡು. ಗೋಡೆಯ ಮೇಲಿನ ಪಾಠವೆಲ್ಲ ಬಾಯಿಪಾಠ, ಮಗುವಿನ ಮುಂದೆ ನಿಂತಾಗ ಬರೀ ಅಜ್ಜಿ. ಅಲ್ಲೇ ಅತ್ತುಬಿಟ್ಟೆ. ನರ್ಸಮ್ಮ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, "ಎಲ್ಲ ಅಜ್ಜಿಯರೂ ಏನಾದ್ರೂ ತಂದೇ ತರ್ತಾರೆ. ನೀವು ಸೀಲ್ ಇರೋದನ್ನ ತಂದಿದ್ದೀರಲ್ಲ, ಅದೇ ಪುಣ್ಯ" ಎಂದರು.

ಆಮೇಲೆ ದಿನಾ ಹಣೆ ಮುಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಬಿಸಿಯಿದ್ದರೆ ಔಷಧಿ ಒಳಗೆ ಹೋಗುತ್ತಿದೆ ಎಂದು ಸಮಾಧಾನ. ಮೊಮ್ಮಗುವಿನ ಮೈ ಸುಡುತ್ತಿದೆ ಎಂದು ನೆಮ್ಮದಿಯಾಗಿ ನಿದ್ದೆ ಮಾಡಿದ ಅಜ್ಜಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಇನ್ನು ನನ್ನ ಮಗಳೂ ಕಮ್ಮಿಯಿಲ್ಲ. ಹೆರಿಗೆಯ ಹೊಲಿಗೆ ನೋವಿಗೆ ಮಾತ್ರೆ ಬೇಡವೇ ಬೇಡ ಎಂದು ಹಟ ಹಿಡಿದಳು. "ಹಾಲಿನಲ್ಲಿ ಹೋಗಿ ಅವಳ ಬಾಗಿಲು ಮುಚ್ಚಿದ್ರೆ? ನಂಗೆ ನೋವಿದ್ರೆ ಇರ್ಲಿ" ಎಂದಳು. ಡಾಕ್ಟರಮ್ಮ ಬಂದು, ಹಾಲಿನಲ್ಲಿ ಅಷ್ಟೆಲ್ಲ ಹೋಗುವುದಿಲ್ಲ ಎಂದು ಗದರಿಸಿ, ಎದುರಿಗೇ ನಿಂತು ತಮಗೆ ಸರಿಯೆನಿಸಿದ ಮಾತ್ರೆ ನುಂಗಿಸಿದರು. ತಾಯಿಯಂತೆ ಮಗಳು ಎಂದು ಅಳಿಯ ನನ್ನ ಮುಖ ನೋಡಿ ನಕ್ಕ.

ಗುರುವಾರ ಆಪರೇಷನ್ ಆಯಿತು. ಸಣ್ಣ ಕೊಳವೆಯೊಂದನ್ನು ಕೂರಿಸಿ ರಕ್ತಕ್ಕೆ ಬೇರೆ ದಾರಿ ಮಾಡಿದ್ದಾರೆ. ನಿನ್ನೆ ಡ್ರಿಪ್ ತೆಗೆದರು. ಹಿತ್ತಿಲ ಬಾಗಿಲು ಇನ್ನು ಮುಚ್ಚಿದರೂ ಭಯವಿಲ್ಲ. ದೊಡ್ಡವಳಾದ ಮೇಲೆ ಇನ್ನೊಂದು ಆಪರೇಷನ್ ಇದೆ, ಇರಲಿ, ಆಗ ನೋಡೋಣ. ಜ್ವರ ಇಳಿದಿದೆ. ತುಟಿಗೆ ಬಣ್ಣ ಬಂದಿದೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ನೂರು ವರ್ಷ ಬಾಳು ಎಂದು ಅಲ್ಲಿಂದಲೇ ಹರಸು. ದೊಡ್ಡಮ್ಮ ಯಾಕೆ ಬರಲಿಲ್ಲ ಎಂದು ಮಗಳು ಕೇಳುತ್ತಲೇ ಇರುತ್ತಾಳೆ. ಮಂಡಿನೋವು ಎಂದು ಹೇಳಿದ್ದೇನೆ.

ನಿನ್ನ ಸಿಡುಕಿ ತಂಗಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಬಾರದ್ದಕ್ಕೆ ಕಾರಣ ಮಂಡಿನೋವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು. ನನ್ನ ಮೊದಲ ಮಗ ಮೂರನೆಯ ದಿನ ನೀಲಿಗಟ್ಟಿ ಹೋದಾಗಿನಿಂದ ನೀನು ಯಾರ ಮನೆಯ ಹಸುಗೂಸನ್ನೂ ಎತ್ತಿಕೊಂಡಿಲ್ಲ. ಅಂದು ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಿದವಳು ನೀನು. ಸಂಜೆಗೆ ಅವನಿಲ್ಲ. "ನೀರು ಹಾಕಿ ಶೀತ ಮಾಡಿಬಿಟ್ಟಳು" ಎಂದು ನಮ್ಮತ್ತೆ ಅಂದ ಮಾತು ನಿನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಮೊನ್ನೆ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿ ಕೇಳಿದೆ. "ನಾನು ನೋಡದ ಮಗು, ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಇದೇ ತರಹದ್ದು ಇದ್ದಿರಬೇಕು. ಸ್ನಾನದಿಂದ ಹೀಗಾಗಲ್ಲಮ್ಮ" ಎಂದರು. ಅವನ ಹಿತ್ತಿಲ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು ಅಕ್ಕ. ನೀನು ನೀರು ಹದ ಮಾಡಿ, ಮೊಣಕೈಯಿಂದ ಮುಟ್ಟಿ ನೋಡಿ, ಆಮೇಲೆ ಅವನನ್ನು ಇಳಿಸಿದ್ದನ್ನು ನಾನು ಮಂಚದಿಂದ ನೋಡುತ್ತಿದ್ದೆ. ಹುಟ್ಟಿದಾಗಿನಿಂದ ಮುಷ್ಟಿ ಬಿಗಿಹಿಡಿದೇ ಇದ್ದವನು, ಬಿಸಿನೀರು ತಾಗಿದ ಕೂಡಲೆ ಬೆರಳು ಬಿಚ್ಚಿ, ಅಳು ನಿಲ್ಲಿಸಿ, ನಿನ್ನನ್ನೇ ನೋಡಿದ. ಅವನು ಸುಖವಾಗಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ, ನಿನ್ನ ಕೈಯಲ್ಲಿ.