ನೆಲದ ಮೇಲೆ ಬಿಟ್ಟವಳು

ಡಿಸೆಂಬರ್ 9, ಮಂಗಳವಾರ

ಅಕ್ಕವ್ವ ಆಯಿ ಇನ್ನು ನನ್ನ ಮುಖ ನೋಡುವುದಿಲ್ಲವಂತೆ.

ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಳು. ನಾನು ಆರೈಕೆ ಕೆಲಸ ಮಾಡುವ ಈ ವೃದ್ಧಾಶ್ರಮದಲ್ಲಿ ಯಾರೇ ಬಿದ್ದರೂ ನರ್ಸ್ ಬಂದು ನೋಡುವವರೆಗೆ ಎತ್ತಬಾರದು. ಎಲುಬು ಮುರಿದಿದ್ದರೆ ಎಳೆದಾಟದಲ್ಲಿ ಇನ್ನಷ್ಟು ಕೆಡುತ್ತದೆ. ರೂಪಾಲಿ ಸಿಸ್ಟರನ್ನು ಕೂಗಿ ಕರೆದು, ನಾನು ಆಯಿಯ ಪಕ್ಕದಲ್ಲೇ ಕುಳಿತೆ.

"ಎತ್ತ ಬೇ ಪೂನಿ, ನೆಲದ ಮ್ಯಾಲ ಯಾಕ ಬಿಟ್ಟಿ? ಇನ್ನೂ ಜೀವ ಐತಿ ನನಗ," ಎಂದು ನನ್ನ ಓಢಣಿ ಹಿಡಿದು ಎಳೆದಳು. ನಮ್ಮ ಕಡೆ ಜೀವ ಹೋಗುವಾಗಲೇ ನೆಲಕ್ಕೆ ಇಳಿಸುವುದು. ಅದು ಗೊತ್ತಿದ್ದೂ, ನಡುಗುತ್ತಿದ್ದಾಳೆಂದು ಹಾಸಿಗೆಯ ಬಿಳಿ ಚಾದರ ತಂದು ಹೊದಿಸಿಬಿಟ್ಟೆ. ಹೆಣಕ್ಕೆ ಹೊದಿಸುವ ಬಟ್ಟೆಯಂತಿದ್ದ ಅದನ್ನು ಕಂಡು ಆಯಿ ಚೀರಿದ್ದು ಇನ್ನೂ ಕಿವಿಯಲ್ಲಿದೆ.

"ಎತ್ತಿಲ್ಲಲಾ, ಚಲೋ ಮಾಡಿದಿ. ತೊಡಿ ಎಲಬು ಮುರದಂಗ ಕಾಣತೈತಿ," ಎಂದರು ಸಿಸ್ಟರ್. ಆ ಶಹಬಾಸ್‌ಗಿರಿ ತೆಗೆದುಕೊಂಡು ಏನು ಮಾಡಲಿ? ದಿನವೂ ನನ್ನ ಕೈಯಿಂದಲೇ ತಲೆ ಬಾಚಿಸಿಕೊಳ್ಳುತ್ತಿದ್ದವಳು, ಚಿಕ್ಕೋಡಿಯ ಆಸ್ಪತ್ರೆಗೆ ಒಯ್ಯಲು ಗಾಡಿ ಹತ್ತಿಸುವಾಗ ಅದೇ ಕೈಯನ್ನು ತಳ್ಳಿದಳು.

"ಇಕಿ ನನ್ನ ಹೆಣ ಮಾಡಾಕ ಕುಂತಿದ್ಲ ನೋಡಪಾ," ಎಂದು ಡ್ರೈವರನಿಗೂ ಹೇಳಿದಳು. ಅವನು ನಕ್ಕ. ನಾನು ಗಾಡಿಯ ಬಾಗಿಲು ಹಾಕಿದೆ.

ನಾಳೆ ಇನ್ನೊಬ್ಬರು ಬಿದ್ದರೂ ಹೀಗೇ ಕೂರಬೇಕು. ಕೂರುತ್ತೇನೆ. ಎತ್ತಿದ್ದರೆ ಆಯಿಯ ಕಾಲು ಇನ್ನೂ ಕೆಡುತ್ತಿತ್ತು. ಆದರೆ ಎತ್ತಿದ್ದರೆ ನನ್ನ ಕೈ ತಳ್ಳದೆ, ಕೊರಳು ತಬ್ಬಿಕೊಂಡು ಅಳುತ್ತಿದ್ದಳೇನೋ.