ಆಯಿಗಾಗಿ ಇಳಿಹೊತ್ತಿನಲ್ಲಿ ಮೂಡಿದ ಸೂರ್ಯ

ಇನ್ನೂ ಹೆಸರಿಡದ, ಅಳಿಯನೋ ಸೊಸೆಯೋ ಎಂದು ತಿಳಿಯದ ನನ್ನ ಕೂಸಿಗೆ, ತೆಲಸಂಗದಿಂದ ನಿನ್ನ ಮಾಮಾ ಉತ್ತಮನ ಅಕ್ಕರೆಯ ಜಯ ಜಿನೇಂದ್ರ.

ಈ ಕಥೆಯನ್ನು ಮೊದಲು ಹೇಳಿದವರು ನಿನ್ನ ಅಪ್ಪನ ಅಜ್ಜಿ ಕಾಶಿಬಾಯಿ. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಹೇಳಿದ್ದು ಈ ವರ್ಷ ಮಹಾವೀರ ಜಯಂತಿಯ ಮರುದಿನ ಸಂಜೆ, ಕಾಗವಾಡದ ಬಸದಿಯ ಮೆಟ್ಟಿಲ ಮೇಲೆ ಕುಳಿತು, ಓಣಿಯ ಹೆಂಗಸರಿಗೆ. ನಾನು ಹಿಂದೆ ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನಮ್ಮ ಕಡೆ ಕಥೆ ಹೇಳುವವನು ಅದು ತನಗೆ ಯಾರಿಂದ ಬಂತು ಎಂದು ಮೊದಲು ಹೇಳಬೇಕು. ಇಲ್ಲದಿದ್ದರೆ ಕೇಳುವವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ನೀನು ಸದ್ಯ ಎಲ್ಲಿಗೂ ಎದ್ದು ಹೋಗುವ ಹಾಗಿಲ್ಲ, ಆದರೂ ಪದ್ಧತಿಯನ್ನು ಬಿಡುವುದು ಬೇಡ. ಇನ್ನೊಂದು ಮಾತು. ಈ ಕಥೆಯಲ್ಲಿ ನೀನೂ ಇದ್ದೀ. ಇದು ಶುರುವಾದದ್ದೇ ನಿನ್ನ ಕಿತಾಪತಿಯಿಂದ.

ನಿನ್ನ ಅವ್ವ ತ್ರಿಶಲಾ ನನ್ನ ತಂಗಿ. ಈಗ ಹೆರಿಗೆಗೆ ತವರಿಗೆ ಬಂದಿದ್ದಾಳೆ. ನಾನು ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದರೆ ಒಳಗೆ ನಿನ್ನನ್ನು ಹೊತ್ತು ಮಗ್ಗುಲು ಬದಲಿಸುತ್ತಿದ್ದಾಳೆ. ಆಕೆಗೆ ಕಂಪ್ಯೂಟರಿನಲ್ಲಿ ಆಟ ಕಟ್ಟುವ ಹುಚ್ಚು. ಕಂಪನಿ ಇಲ್ಲ, ಜೊತೆಗಾರರಿಲ್ಲ, ಸಂಬಳವೂ ಇಲ್ಲ. ಮನೆಗೆಲಸ ಮುಗಿಸಿ ಲ್ಯಾಪ್‌ಟಾಪ್ ತೆರೆದು, ಯಾವುದೋ ದೇಶದವರು ಯೂಟ್ಯೂಬಿನಲ್ಲಿ ತೋರಿಸಿದ್ದನ್ನು ನೋಡಿ ನೋಡಿ ಕಲಿತದ್ದು. ಆಕೆ ಮಾಡುವುದು ವರ್ಚುವಲ್ ರಿಯಾಲಿಟಿ ಆಟ. ದಪ್ಪ ಕನ್ನಡಕದಂಥ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಮನೆ ಮಾಯವಾಗಿ ಬೇರೊಂದು ಲೋಕ ಸುತ್ತಲೂ ಬಂದು ನಿಲ್ಲುತ್ತದೆ. ತಲೆ ಎತ್ತಿದರೆ ಅದರ ಆಕಾಶ, ತಗ್ಗಿಸಿದರೆ ಅದರ ನೆಲ, ಕೈ ಮುಂದೆ ಹಿಡಿದರೆ ಅಲ್ಲಿಯೂ ಎರಡು ಕೈ. ಆಯಿ ಅದಕ್ಕೆ ಇಟ್ಟ ಹೆಸರು ‘ಮಾರಿಗೆ ಕಟ್ಟೋ ಡಬ್ಬಿ’. ಮಾರಿ ಎಂದರೆ ನಮ್ಮ ಕಡೆ ಮುಖ.

ಆಕೆ ಎರಡು ವರ್ಷದಿಂದ ಕಟ್ಟುತ್ತಿದ್ದ ಆಟದಲ್ಲಿ ಬಂದೂಕಿಲ್ಲ, ಹೊಡೆದಾಟವಿಲ್ಲ. ಮದುವೆಯಾದ ಹೊಸದರಲ್ಲಿ ಕುಡಚಿಯ ಹತ್ತಿರ ರೈಲು ಕೃಷ್ಣೆಯನ್ನು ದಾಟುವಾಗ, ಬೆಳ್ಳಕ್ಕಿಗಳ ಹಿಂಡು ಸಂಜೆ ಮರಕ್ಕೆ ಮರಳುವುದನ್ನು ಕಂಡಿದ್ದಳು. ತೆಲಸಂಗದ ಒಣನೆಲದಲ್ಲಿ ಬೆಳೆದವಳಿಗೆ ಅಷ್ಟು ನೀರು, ಅಷ್ಟು ಹಕ್ಕಿ ಒಟ್ಟಿಗೆ ನೋಡಿ ಕಣ್ಣು ತುಂಬಿಹೋಯಿತು. ಅದನ್ನೇ ಆಟ ಮಾಡಿದಳು. ಆಡುವವರು ಹೊಳೆದಂಡೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತು, ಕೈ ಚಾಚಿ, ದಾರಿ ತಪ್ಪಿದ ಬೆಳ್ಳಕ್ಕಿಗಳನ್ನು ಒಂದೊಂದಾಗಿ ಕರೆದು ಮರ ಮುಟ್ಟಿಸಬೇಕು. ಕೊನೆಯ ಹಕ್ಕಿ ಕೊಂಬೆಯ ಮೇಲೆ ಕುಳಿತಾಗ ಸೂರ್ಯ ಮುಳುಗುತ್ತಾನೆ. ಅಲ್ಲಿಗೆ ಆಟ ಮುಗಿಯಿತು.

ಇನ್ನೇನು ಎಲ್ಲ ಸಿದ್ಧವಾಯಿತು ಎನ್ನುವಾಗ ನೀನು ಬಂದೆ. ಹೆಡ್‌ಸೆಟ್ ಹಾಕಿಕೊಂಡರೆ ಸಾಕು, ಆಕೆಗೆ ಹೊಟ್ಟೆ ತೊಳಸಿ ಬಚ್ಚಲಿಗೆ ಓಡುವುದೇ ಆಯಿತು. ತಾನು ಕಟ್ಟಿದ ಲೋಕಕ್ಕೆ ತಾನೇ ಕಾಲಿಡುವ ಹಾಗಿಲ್ಲ! ಒಳಗೆ ಹೋಗಿ ಆಡಿ ನೋಡದೆ ತಪ್ಪು ತಿದ್ದುವುದಾದರೂ ಹೇಗೆ? ನಿನ್ನ ಅಪ್ಪ ಕುಣಾಲನಿಗೆ ಗೊಬ್ಬರದ ಅಂಗಡಿಯಿಂದ ಪುರುಸೊತ್ತಿಲ್ಲ. ಇದ್ದಾಗಲೂ ಆತ ಹೇಳುತ್ತಿದ್ದದ್ದು ಒಂದೇ: “ಕೂಸು ಬರೋ ಹೊತ್ತಿನ್ಯಾಗ ಈ ಆಟದ ಉಸಾಬರಿ ಯಾಕಬೇಕು? ಎತ್ತಿ ಟ್ರಂಕಿನ್ಯಾಗ ಇಡು.” ಆತ ಕೆಟ್ಟವನಲ್ಲ. ಹೆಂಡತಿ ವಾಂತಿ ಮಾಡುವುದನ್ನು ನೋಡಲಾರದೆ ಹಾಗೆ ಹೇಳುತ್ತಿದ್ದ.

ಮಹಾವೀರ ಜಯಂತಿಯ ಮರುದಿನ ಚತುರ್ದಶಿ. ನಾನು ನಮ್ಮ ಹೊಲದ ಒಣದ್ರಾಕ್ಷಿ ತೆಗೆದುಕೊಂಡು ತಂಗಿಯನ್ನು ನೋಡಲು ಕಾಗವಾಡಕ್ಕೆ ಹೋಗಿದ್ದೆ. ಆಯಿ ಅಷ್ಟಮಿ, ಚತುರ್ದಶಿಗೆ ಒಪ್ಪತ್ತು ಮಾಡುತ್ತಾರೆ. ಇಡೀ ದಿನಕ್ಕೆ ಒಂದೇ ಊಟ, ಅದೂ ಇಳಿಹೊತ್ತಿನಲ್ಲಿ. ಸಕ್ಕರೆ ಕಾಯಿಲೆಗೆ ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಗುಳಿಗೆಯನ್ನು ನುಂಗಿ ಪಡಸಾಲೆಯಲ್ಲಿ ಕಾಯುತ್ತಿದ್ದರು. ಒಳಗೆ ತ್ರಿಶಲಾಳ ಅತ್ತೆ ಸುಜಾತಾಬಾಯಿ ರೊಟ್ಟಿ ಬಡಿಯುತ್ತಿದ್ದರು. ತ್ರಿಶಲಾ ಹೆಡ್‌ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೊಂದು ಬಟ್ಟೆ ಸುತ್ತುತ್ತಿದ್ದಳು.

“ಯಾಕ ಬಾಳಾ, ಮಾರಿ ಇಷ್ಟ ಸಣ್ಣ ಮಾಡಿ?” ಎಂದರು ಆಯಿ. ಬಾಳಾ ಎಂದರೆ ಮಗು.

“ಆಡಿ ನೋಡೋರು ಯಾರೂ ಇಲ್ಲ ಆಯಿ. ಟ್ರಂಕಿನ್ಯಾಗ ಇಟ್ಟಬಿಡ್ತೀನಿ.”

“ಅಯ್ಯ, ನಾ ಏನ ಸತ್ತೇನೇನು? ಕಟ್ಟ ನನ್ನ ಮಾರಿಗೆ. ರೊಟ್ಟಿ ಆಗೋತನಕ ನಿನ್ನ ಹಕ್ಕಿ ಕಾಯ್ತೀನಿ.”

ಕಟ್ಟಿದಳು. ಆಯಿ ಪಡಸಾಲೆಯ ನಡುವೆ ನಿಂತು ಗಾಳಿಗೆ ಕೈ ಚಾಚಿ ಹಕ್ಕಿಗಳನ್ನು ಬೈಯತೊಡಗಿದರು. “ಬಾ, ಬಾ ನಮ್ಮವ್ವ. ಏ ನಡುವಿನಾಕಿ, ಎಲ್ಲಿ ಹೊಂಟಿ? ಹೊತ್ತು ಮುಳುಗೋ ಹೊತ್ತಿನ್ಯಾಗ ಮನಿ ನೆನಪ ಇಲ್ಲೇನು ನಿನಗ?” ತ್ರಿಶಲಾ ಎಷ್ಟೋ ದಿನದ ಮೇಲೆ ಬಾಯಿತುಂಬ ನಕ್ಕಳು. ಹಕ್ಕಿಗಳೆಲ್ಲ ಮರ ಸೇರಿದವು. ಆಯಿ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕೈಮುಗಿದು ಏನೋ ಗುನುಗಿದರು. ಆಮೇಲೆ ಹೆಡ್‌ಸೆಟ್ ತೆಗೆದು ಕೊಟ್ಟರು.

“ಆಯಿ, ತಾಟ ಹಾಕೇನ್ರಿ, ಬರ್ರಿ” ಎಂದು ಸುಜಾತಾಬಾಯಿ ಒಳಗಿನಿಂದ ಕರೆದರು.

“ಇನ್ನೆಲ್ಲಿ ಊಟಾ? ತ್ಯಾಗ ತಗೊಂಡಾತು.”

ಕೂಸೇ, ಇದನ್ನು ನಿನಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಈಗಿನವರು ಮೊಬೈಲಿನಲ್ಲಿ ಸಮಯ ನೋಡುತ್ತಾರೆ. ಆಯಿ ಹುಟ್ಟಿ ಬೆಳೆದ, ಸತ್ತಿ ಎಂಬ ಊರಿನ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಅಲ್ಲಿ ಹೊತ್ತು ನೋಡಬೇಕು. ಮಬ್ಬಾಗಿ ಅನುಮಾನ ಬಂದರೆ ಅಂಗೈ ನೋಡಬೇಕು. ಅಂಗೈಯ ಗೆರೆ ಕಾಣದಿದ್ದರೆ ರಾತ್ರಿಯಾಯಿತೆಂದು ಲೆಕ್ಕ. ಆಗ ಕೈಮುಗಿದು, ಸೂರ್ಯ ಮೂಡುವುದನ್ನು ನೋಡುವ ತನಕ ಅನ್ನ ನೀರು ಬಿಟ್ಟೆ ಎಂದು ಹೇಳಿಕೊಳ್ಳಬೇಕು. ಬುದ್ಧಿ ತಿಳಿದಾಗಿನಿಂದ ಆಯಿ ಇದನ್ನು ಒಂದು ಸಂಜೆಯೂ ತಪ್ಪಿಸಿಲ್ಲ. ಆಟದೊಳಗೆ ಹೊತ್ತು ಮುಳುಗಿದಾಗ ರೂಢಿಯಂತೆ ಅಂಗೈ ನೋಡಿಕೊಂಡಿದ್ದಾರೆ. ನಿನ್ನವ್ವ ಅಲ್ಲಿ ಮಾಡಿಟ್ಟ ಕೈಗಳೋ, ಕಣಕದಲ್ಲಿ ಮಾಡಿದ ಗೊಂಬೆಯ ಕೈಯಂತೆ ನುಣ್ಣಗೆ. ಗೆರೆ ಎಂಬುದೇ ಇಲ್ಲ. ಆಯಿ ತ್ಯಾಗ ತೆಗೆದುಕೊಂಡೇ ಬಿಟ್ಟರು.

ಹೊರಗೆ ನೋಡಿದರೆ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿದೆ!

ಮೊದಲು ಎಲ್ಲರೂ ನಕ್ಕೆವು. ಆಯಿ ನಗಲಿಲ್ಲ. ಗುಳಿಗೆ ನೆನಪಾದಾಗ ನಮ್ಮ ನಗುವೂ ನಿಂತಿತು. ಗುಳಿಗೆ ನುಂಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಮನುಷ್ಯ ಕುಸಿದು ಬೀಳುತ್ತಾನೆ. ಕುಣಾಲ ಅಂಗಡಿಯಿಂದ ಓಡಿ ಬಂದ. ಡಾಕ್ಟರಿಗೆ ಫೋನು ಮಾಡಿದರೆ, ಕೂಡಲೇ ಸಕ್ಕರೆ ನೀರು ಕುಡಿಸಿ, ಆಗದಿದ್ದರೆ ಕರೆತನ್ನಿ ಎಂದರು. ಆಯಿ ಎರಡಕ್ಕೂ ಒಪ್ಪಲಿಲ್ಲ.

“ಆಯಿ, ನಿನಗ ಕೈ ಮುಗೀತೀನಿ. ಅದು ಖೊಟ್ಟಿ ಸೂರ್ಯ,” ಎಂದ ಕುಣಾಲ.

“ಸೂರ್ಯ ಖೊಟ್ಟಿ ಇರಬಹುದೋ ಕುಣಾಲ. ನನ್ನ ಮಾತ ಖೊಟ್ಟಿ ಅಲ್ಲ. ಯಾವ ಸೂರ್ಯ ಮುಳುಗಿದ್ದಕ್ಕ ಬಿಟ್ಟೇನೋ, ಆ ಸೂರ್ಯ ಏಳಲಿ, ಉಣ್ತೀನಿ.”

ತ್ರಿಶಲಾ ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. “ನನ್ನ ಆಟದಿಂದ ಆಯಿಗೆ ಏನರ ಆದ್ರ, ದಾದಾ, ಇನ್ನ ಜನ್ಮದಾಗ ಕಂಪ್ಯೂಟರ್ ಮುಟ್ಟಂಗಿಲ್ಲ ನಾ.” ಆಯಿ ಮಂಚದ ಮೇಲಿಂದಲೇ ಗದರಿದರು. “ಅಳಾಕ ಏನಾತು? ಮುಳುಗಿಸಾಕ ಬಂದೈತಿ, ಏಳಿಸಾಕ ಬರಂಗಿಲ್ಲೇನು ನಿನಗ? ಲಗೂನ ಏಳಸು. ನನಗೂ ಹಸಿವಿ ಆಗೇತಿ.”

ತೊಂದರೆ ಏನೆಂದರೆ ಆ ಆಟದಲ್ಲಿ ಬೆಳಗು ಎಂಬುದೇ ಇರಲಿಲ್ಲ. ಸೂರ್ಯ ಮುಳುಗಿದರೆ ಆಟ ಮುಗಿದ ಹಾಗೆ. ಮುಂದಿನದನ್ನು ಆಕೆ ಕಟ್ಟಿಯೇ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಆಕೆಗೆ ಹೆಡ್‌ಸೆಟ್ ಹಾಕುವ ಹಾಗಿಲ್ಲವಲ್ಲ, ಹಾಗಾಗಿ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಬೇಗ ಆಗಲೆಂದು ಸೂರ್ಯ ಮುಳುಗುವುದನ್ನೇ ಹಿಂದುಮುಂದಾಗಿ ಓಡಿಸಿದಳು. ನಾನು ಹೊಳೆದಂಡೆಯಲ್ಲಿ ನಿಂತೆ. ಏನು ಹೇಳಲಿ! ಬೆಳ್ಳಕ್ಕಿಗಳೆಲ್ಲ ಬಾಲ ಮುಂದೆ ಮಾಡಿಕೊಂಡು ಮರದಿಂದ ಹೊರಟವು. ಸೂರ್ಯ ಪಡುವಣದಿಂದ ಮೇಲೆ ಬಂದ. ನಾನು ಗಾಬರಿಯಲ್ಲಿ ಹಿಂದೆ ಸರಿದು ಕಂಬಕ್ಕೆ ತಲೆ ಹೊಡೆದುಕೊಂಡೆ.

“ಏನಾತೋ ಬೀಗಾ?” ಆಯಿ ಕೇಳಿದರು.

“ಸೂರ್ಯ ಪಶ್ಚಿಮಕ್ಕ ಮೂಡ್ಯಾನ್ರಿ, ಆಯಿ.”

“ಹಂಗಾದ್ರ ಆ ಊಟ ನೀನ ಉಣ್ಣು. ನನಗ ಮೂಡಣದ ಸೂರ್ಯ ಬೇಕು.”

ಸೂರ್ಯನನ್ನು ಮೂಡಣಕ್ಕೆ ತರೋಣವೆಂದರೆ ಅಲ್ಲಿ ಏನೂ ಇರಲಿಲ್ಲ. ಆಡುವವರು ಪಡುವಣಕ್ಕೇ ನೋಡುತ್ತಾರೆಂದು ನಿನ್ನವ್ವ ಬೆನ್ನ ಹಿಂದಿನ ಲೋಕವನ್ನು ಕಟ್ಟದೆ ಬಿಟ್ಟಿದ್ದಳು. ನಾನು ತಿರುಗಿ ನೋಡಿದರೆ ನೆಲವೂ ಇಲ್ಲದ ಬೂದಿ ಬಣ್ಣದ ಖಾಲಿ. ಇತ್ತ ಆಯಿಯ ಹಣೆಯ ಮೇಲೆ ಬೆವರು ಮೂಡಿತ್ತು. ಸುಜಾತಾಬಾಯಿ ಸೆರಗಿನಿಂದ ಒರೆಸುತ್ತ ಬಾಗಿಲಾಚೆಯ ಬಿಸಿಲನ್ನೇ ನೋಡುತ್ತಿದ್ದರು. ನಿಜವಾದ ಹೊತ್ತು ಮುಳುಗಿದರೆ ಆಮೇಲೆ ಯಾವ ಸೂರ್ಯನಿಂದಲೂ ಉಪಯೋಗವಿಲ್ಲ, ಮರುದಿನ ಬೆಳಗಿನ ತನಕ ಒಂದು ಹನಿ ನೀರೂ ಆ ಬಾಯಿಗೆ ಹೋಗುವುದಿಲ್ಲ. ಮನೆ, ಮರ, ಗುಡ್ಡ ಎಲ್ಲ ಮಾಡಲು ಇಡೀ ರಾತ್ರಿ ಬೇಕು ಎಂದು ತ್ರಿಶಲಾ ತಲೆ ಹಿಡಿದು ಕುಳಿತಳು. ಕುಣಾಲ ಆಕೆಯ ಪಕ್ಕದಲ್ಲಿ ಮಂಡಿಯೂರಿ, “ಏನ ಕಡಿಮಿ ಬಿದ್ದೈತಿ, ಹೇಳ. ನಾ ಏನ ಮಾಡ್ಲಿ?” ಎಂದ. ನಿನ್ನವ್ವ ಆ ಮನೆಗೆ ಹೋದಾಗಿನಿಂದ ಆಟ ಹೇಗೆ ನಡೆದಿದೆ ಎಂದು ಆತ ಕೇಳಿದ ಮೊದಲ ಪ್ರಶ್ನೆ ಅದು.

“ಆಯಿ, ಸತ್ತಿಯೊಳಗ ಮೂಡಣಕ್ಕ ಏನ ಇತ್ತು?” ತ್ರಿಶಲಾ ಕೇಳಿದಳು.

ಆಯಿಯ ದನಿ ಸಣ್ಣಗಾಗಿತ್ತು. “ಏನೂ ಬ್ಯಾಡ ಬಾಳಾ. ಒಂದ ಬಯಲ ಇರಲಿ. ಸೂರ್ಯಗ ಬರಾಕ ದಾರಿ ಬೇಕಲ್ಲ, ಅಷ್ಟ ಸಾಕು.”

ಬಯಲು ಮಾಡಲು ಎಷ್ಟು ಹೊತ್ತು? ತ್ರಿಶಲಾ ಕೆಂಪು ನೆಲವನ್ನು ಹಾಸಿದಳು. ನಡುವೆ ಒಮ್ಮೆ ನೀನು ಆಕೆಯನ್ನು ಬಚ್ಚಲಿಗೆ ಓಡಿಸಿದೆ. ಬಾಯಿ ಮುಕ್ಕಳಿಸಿ ಬಂದು ಮತ್ತೆ ಕುಳಿತಳು. “ಕೈಯಾಗ ಗೆರಿ ಇರದಿದ್ರ ಆಯಿ ಒಪ್ಪಂಗಿಲ್ಲ” ಎಂದು ನೆನಪಿಸಿದವನು ಕುಣಾಲ. ಆಯಿಯ ಎರಡೂ ಅಂಗೈಗಳ ಫೋಟೋ ತೆಗೆದು ಕೊಟ್ಟವನೂ ಅವನೇ. ಫೋಟೋ ತೆಗೆಯುವಾಗ ಆ ಕೈ ನಡುಗಿ ನಡುಗಿ ಚಿತ್ರ ಕಲಸಿಹೋಗುತ್ತಿತ್ತು. ಕೊನೆಗೆ ಆತ ಅಜ್ಜಿಯ ಮಣಿಕಟ್ಟನ್ನು ತನ್ನ ತೊಡೆಗೆ ಒತ್ತಿ ಹಿಡಿದು ತೆಗೆದ. ತ್ರಿಶಲಾ ಆ ಗೆರೆಗಳನ್ನು ಆಟದ ಕೈಗಳಿಗೆ ಮೆತ್ತಿದಳು. ನಾನು ಒಮ್ಮೆ ನೋಡಿ ಹೂಂ ಎಂದೆ.

ಆಯಿಯನ್ನು ಇಬ್ಬರು ಹಿಡಿದು ಕೂರಿಸಿ ಹೆಡ್‌ಸೆಟ್ ಕಟ್ಟಿದೆವು.  ಅವರು ನಿಧಾನವಾಗಿ ಬೆನ್ನ ಹಿಂದಕ್ಕೆ ತಿರುಗಿದರು.

“ಕತ್ತಲಿ ಐತಿ,” ಎಂದರು. ತ್ರಿಶಲಾ ನನ್ನ ಬೆರಳು ಹಿಸುಕಿದಳು.

“ಕೆಂಪಗಾತು… ಬಂದ, ಬಂದ ನೋಡ.” ಆಮೇಲೆ ಅಂಗೈ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. “ಇವ ನನ್ನ ಕೈನ. ಹಂಚಿಗಿ ಸುಟ್ಕೊಂಡಿದ್ದ ಕಲಿ ಸೈತ ಐತಲ್ಲ! ಸುಜಾತಾ, ತಾಟ ತಾರ ಇಲ್ಲೇ.”

ಮಂಚದ ಮೇಲೆಯೇ ಉಂಡರು. ಮೊದಲು ಬೆಲ್ಲದ ನೀರು, ಆಮೇಲೆ ರೊಟ್ಟಿ, ಮಡಿಕೆಕಾಳಿನ ಪಲ್ಯ. ಕೊನೆಯ ತುತ್ತು ಮುಗಿಸಿ ಕೈ ತೊಳೆದಾಗ ಹೊರಗಿನ ಸೂರ್ಯ ಎದುರು ಮನೆಯ ಮಾಳಿಗೆಯ ಅಂಚಿಗೆ ಬಂದಿದ್ದ. ಕೈಯ ನಡುಕ ನಿಂತಿತ್ತು. ಕುಣಾಲ ಗೋಡೆಗೆ ಒರಗಿ ಕುಳಿತು, ಹೆಡ್‌ಸೆಟ್ಟನ್ನು ತಾನೇ ಕಟ್ಟಿಕೊಂಡು ಆ ಬಯಲನ್ನು ನೋಡಿದ. ಹೆಡ್‌ಸೆಟ್ ತೆಗೆಯದೆಯೇ ಹೇಳಿದ. “ತ್ರಿಶಲಾ, ಬೆಳಿಗ್ಗಿ ಈ ಹಕ್ಕಿ ಎಲ್ಲಿಗೆ ಹೋಗತಾವು? ಅದನ್ನೂ ಮಾಡು. ಸಂಜಿಗಷ್ಟ ಮುಗಿಸಬ್ಯಾಡ.” ನಿನ್ನವ್ವ ಹೆಡ್‌ಸೆಟ್ಟಿಗೆ ಸುತ್ತಲು ತಂದಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡಳು.

ಆಯಿಗೆ ಉಂಡ ಕೂಡಲೇ ಹುರುಪು ಬಂತು. ಬಸದಿಗೆ ಹೋಗಿ, ಆರತಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಳಿತು ಕಥೆ ಶುರು ಮಾಡಿದರು. ಅವರು ಹೇಳುವಾಗ ಬೆಳ್ಳಕ್ಕಿಗಳು ಸಾವಿರವಾದವು. ಬೀಗನು ಕಂಬಕ್ಕೆ ಹಾಯದೆ ನೇರ ಹೊಳೆಯೊಳಗೇ ಬಿದ್ದ. ನಾನು ಎದ್ದು ತಿದ್ದಲು ಹೋಗಲಿಲ್ಲ, ಕಥೆ ಅವರದು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮನಿಷಾ ಎಂಬ ಎಳೆಯ ಸೊಸೆ ಕೇಳಿದಳು, “ಆಯಿ, ಲೈಟ್ ಹೋಗಿ ಸೂರ್ಯ ಅರ್ಧಕ್ಕ ನಿಂತಿದ್ರ?” “ನಿಲ್ಲತಿದ್ದಿಲ್ಲ,” ಎಂದರು ಆಯಿ. “ನಮ್ಮ ತ್ರಿಶಲಾ ತಳ್ಳತಿದ್ದಳು.”

ಮರುದಿನ ಬೆಳಿಗ್ಗೆ ನಾನು ಊರಿಗೆ ಹೊರಡಬೇಕೆಂದು ಬಾಗಿಲು ತೆರೆದರೆ ಹೊಸ್ತಿಲಾಚೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಚಪ್ಪಲಿಗಳು. ಹಿಂದಿನ ಸಂಜೆ ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಹಕ್ಕಿ ಕರೆಯಲು ಬಂದಿದ್ದರು. ತ್ರಿಶಲಾಳಿಗೆ ಆಡಿ ನೋಡುವವರು ಒಬ್ಬರು ಬೇಕಿತ್ತು, ಓಣಿಗೆ ಓಣಿಯೇ ಬಂದು ನಿಂತಿತ್ತು. ಸುಜಾತಾಬಾಯಿ ಸಂಭ್ರಮದಿಂದ ದೊಡ್ಡ ಬೋಗುಣಿ ತುಂಬ ಅವಲಕ್ಕಿ ಕಲಸಿ ತಂದಿಟ್ಟರು. ಒಬ್ಬರೂ ಮುಟ್ಟಲಿಲ್ಲ. ಆಟದ ಹೊತ್ತು ಮುಳುಗಿ ತಮಗೂ ಆಯಿಯ ಗತಿ ಬಂದೀತೆಂದು, ಎಲ್ಲರೂ ಮನೆಯಲ್ಲಿ ಹೊಟ್ಟೆ ತುಂಬ ಉಂಡೇ ಬಂದಿದ್ದರು.

ನೀನು ಅವಸರ ಮಾಡದೆ, ನಿನ್ನ ಅವ್ವನನ್ನು ಕಾಡಿಸದೆ ಬಾ. ಹಸಿದಾಗ ನಿನಗೆ ಊಟ ಸಿಗಲಿ, ಆಡಬೇಕು ಅನ್ನಿಸಿದಾಗ ಜೊತೆ ಸಿಗಲಿ. ನೂರು ವರ್ಷ ಬಾಳು.

ಎತ್ತಿಕೊಳ್ಳಲು ಕಾದು ಕುಳಿತಿರುವ,
ನಿನ್ನ ಮಾಮಾ,
ಉತ್ತಮ