ಮೊದಲ ತುತ್ತಿನ ಮಾತು

ವೆಂಗುರ್ಲೆ ಬಂದರು, ಮಚವೆ ಹಡಗಿನ ಮೇಲಿಂದ
೧೨ ಫೆಬ್ರುವರಿ ೧೯೩೪

ಪ್ರೀತಿಯ ತಮ್ಮ ನೇಮಣ್ಣನಿಗೆ ಅಣ್ಣ ಧರಣೇಂದ್ರನ ಆಶೀರ್ವಾದ. ನೀನು, ಅವ್ವ, ನಿನ್ನ ಅತ್ತಿಗೆ ರಾಜಮತಿ ಕ್ಷೇಮವೆಂದು ನಂಬಿದ್ದೇನೆ. ಅವ್ವನ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚುವುದನ್ನು ಬಿಡಬೇಡ. ಈ ಕಾಗದ ನಿನಗೊಬ್ಬನಿಗೇ. ಎಂದಿನಂತೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಬೇಡ. ಅವರಿಗೆ ಓದಿ ಹೇಳಲು ಬೇರೆ ಚೀಟಿ ಇಟ್ಟಿದ್ದೇನೆ.

ಮೂರು ವರ್ಷದ ಮೇಲೆ ಸಿಕ್ಕ ಎಂಟು ದಿನದ ರಜೆ ಹುಕ್ಕೇರಿಯಲ್ಲಿ ಹೇಗೆ ಕಳೆಯಿತೋ ತಿಳಿಯಲಿಲ್ಲ. ಸಂಕೇಶ್ವರದಲ್ಲಿ ಮೋಟಾರು ಹತ್ತಿ ಘಟ್ಟ ಇಳಿಯುವಷ್ಟರಲ್ಲಿ ಮೈಯೆಲ್ಲ ನುಗ್ಗಾಯಿತು. ಇಲ್ಲಿ ಮತ್ತೆ ಅದೇ ಹಾಯಿ, ಅದೇ ಹಗ್ಗ, ಮಾಲಕರ ಬೆಲ್ಲಕ್ಕೆ ಉಪ್ಪುನೀರು ತಾಗದಂತೆ ಮುಂಬಯಿವರೆಗೆ ಕಾಯುವ ಅದೇ ಕೆಲಸ. ಖಲಾಸಿಗಳು ಮೀನು ಬೇಯಿಸುವ ಮುಂಚೆ ಮೂಲೆಯಲ್ಲಿ ನನ್ನ ಒಲೆ ಹಚ್ಚಿ, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುತ್ತೇನೆ. ಮನೆಯಲ್ಲಿ ನೀವೂ ಅದೇ ಹೊತ್ತಿಗೆ ಉಣ್ಣುವವರು. ಆ ಹೊತ್ತೇ ನನಗೀಗ ಸಂಕಟ.

ನಾನು ಬಂದ ಮರುದಿನ, ನಾವು ಉಂಡೆದ್ದ ಮೇಲೆ ರಾಜಮತಿ ತಾಟಿನ ಮುಂದೆ ಕೂತಳು. ಮೊದಲ ತುತ್ತು ಕೈಯಲ್ಲಿ ಹಿಡಿದು, ಪಡುವಣ ಕಿಟಕಿಯತ್ತ ತಿರುಗಿ ಕಣ್ಣು ಮುಚ್ಚಿದಳು. ಇದೇನು ಹೊಸ ನೇಮ ಎಂದು ಕೇಳಿದೆ. 'ನೀವ ಕಾಗದದಾಗ ಬರೆದಿದ್ರಲ್ಲರಿ, ಮೊದಲನೇ ತುತ್ತಿಗೆ ನಿನ್ನ ನೆನಸ್ತೀನಿ, ನೀನೂ ನನ್ನ ನೆನಸು ಅಂತ. ಒಂದಿನಾನೂ ತಪ್ಪಿಸಿಲ್ಲ' ಎಂದು ನಕ್ಕಳು.

ನೇಮಣ್ಣ, ಅಂಥದ್ದನ್ನು ನಾನು ಬರೆದೇ ಇಲ್ಲ. ಗಾಳಿ ಚೆನ್ನಾಗಿತ್ತು, ಬೆಲ್ಲ ತೇವವಾಗಲಿಲ್ಲ, ಎಲ್ಲರೂ ಆರೋಗ್ಯದಿಂದಿರಿ. ನನಗೆ ಬರೆಯಲು ಬರುವುದೇ ಅಷ್ಟು. ಆದರೆ ಅವಳ ಮುಖ ನೋಡಿ 'ಹೌದು, ಬರೆದಿದ್ದೆ' ಅಂದುಬಿಟ್ಟೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಆಮೇಲೆ ಹೊರಡುವ ತನಕ ನಿನ್ನ ಮೇಲೆ ಕಣ್ಣಿಟ್ಟಿದ್ದೆ, ಮುಚ್ಚಿಡುವುದೇಕೆ. 'ವೈನಿ, ಮಜ್ಜಿಗಿ ನೀಡ್ರಿ' ಅನ್ನುವುದಕ್ಕಿಂತ ಹೆಚ್ಚಿನ ಮಾತು ನಿನ್ನ ಬಾಯಿಂದ ಕೇಳಲಿಲ್ಲ. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ಅವ್ವ ಬೇರೆ, 'ನಿನ್ನ ಕಾಗದ ನೇಮಣ್ಣ ಓದಿದ್ರನ ಚೆಂದ' ಅಂದು ಗಾಯಕ್ಕೆ ಉಪ್ಪು ಸವರಿದಳು. ನನ್ನ ಹೆಂಡತಿ ಮೂರು ವರ್ಷ ಮೆಚ್ಚಿಕೊಂಡದ್ದು ನಿನ್ನ ಮಾತನ್ನು. ಅವಳಿಗೆ ಹೇಳಬೇಕಾದದ್ದು ನನಗಿಂತ ಮೊದಲು ನಿನಗೆ ಹೊಳೆದದ್ದು ಹೇಗೆ? ಕಾಗದ ಮುಗಿದಾಗ ಅವಳ ಮುಖ ಬಾಡುವುದನ್ನು ನೋಡಲಾರದೆ, ಓದುವಾಗ ನೀನೇ ಸೇರಿಸಿರಬೇಕು. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ಆ ಬಾಡಿದ ಮುಖವನ್ನಾದರೂ ನೋಡಿದವನು ನೀನು, ನಾನಲ್ಲ.

ನಿನ್ನೆ ಊಟಕ್ಕೆ ಕೂತಾಗ ತುತ್ತು ಎತ್ತಿದ ಕೈ ತಾನಾಗಿಯೇ ನಿಂತಿತು. ಮೂಡಣಕ್ಕೆ ತಿರುಗಿ ಅವಳನ್ನು ನೆನೆದೆ. ಹೀಗೆ ನೆನೆಯುವುದನ್ನು ಕಲಿಸಿದವನೂ ನೀನೇ ಎಂದು ಮತ್ತಷ್ಟು ಉರಿದುಕೊಂಡೆ.

ಅವ್ವನ ಪಾದಗಳಿಗೆ ನಮಸ್ಕಾರ. ಜಿನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ. ಹಲ್ಲು ಕಚ್ಚಿಕೊಂಡು ಬರೆದರೂ ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ನಿನ್ನ ಅಣ್ಣ,
ಧರಣೇಂದ್ರ

ತಾ.ಕ.: ಹಾಯಿ ಏರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಬಸದಿಯಲ್ಲಿ ಜಿನ್ನವ್ವಬಾಯಿ ಹೆಂಗಸರಿಗೆ ಅಕ್ಷರ ಕಲಿಸುತ್ತಾಳಲ್ಲ, ರಾಜಮತಿ ಆಗಲೇ ಒತ್ತಕ್ಷರಕ್ಕೆ ಬಂದಿದ್ದಾಳೆ. ನಾನು ಹೊರಡುವಾಗ, 'ಉಗಾದಿಗೆ ನಿಮ್ಮ ಹಳೇ ಕಾಗದ ಎಲ್ಲಾ ನಾನ ಓದತೀನಿ' ಅಂದಳು. ಅವೆಲ್ಲ ಅವಳ ಪೆಟ್ಟಿಗೆಯಲ್ಲಿವೆ. ಯಾವ ಕಾಗದಕ್ಕೆ ಯಾವ ಮಾತು ಸೇರಿಸಿ ಓದಿದೆಯೋ, ಒಂದೂ ಬಿಡದೆ ಮುಂಬಯಿ ವಿಳಾಸಕ್ಕೆ ಬರೆದು ಕಳಿಸು. ಹಳೆಯ ತಾರೀಕು ಹಾಕಿ ನನ್ನ ಕೈಯಾರೆ ಮತ್ತೆ ಬರೆದು ಕಳಿಸುತ್ತೇನೆ. ಅವ್ವನ ಕೈಯಿಂದ ಪೆಟ್ಟಿಗೆಯಲ್ಲಿ ಬದಲಿಸಿಡಿಸು, ನೀನು ಅದಕ್ಕೆ ಕೈಹಾಕಬೇಡ. ಮೊದಲ ತುತ್ತಿನ ಮಾತನ್ನು ಮಾತ್ರ ಕಳಿಸಬೇಕಾಗಿಲ್ಲ. ಅದು ನನಗೆ ಬಾಯಿಪಾಠವಾಗಿದೆ.